ಎಡ ಮೊಣಕೈ ತಟ್ಟುವ ಬೆಕ್ಕು

ನಮ್ಮೂರು ಬೀಗದ ಊರು. ಊರಿನ ನಡುವೆ ಬೀಗದ ಕಾರ್ಖಾನೆ, ಅದರ ಸುತ್ತ ನಮ್ಮ ಮನೆಗಳು. ಹಿತ್ತಾಳೆಯ ಪುಡಿ ಗಾಳಿಯಲ್ಲಿ ಸೇರಿಕೊಂಡು ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತದೆ. ಬಿಳಿ ಪಂಚೆ ನಮ್ಮಲ್ಲಿ ಮದುವೆಯ ದಿನ ಒಂದು ಬಿಟ್ಟರೆ ಮತ್ತೆಂದೂ ಬಿಳಿಯಾಗಿರುವುದಿಲ್ಲ. ಪ್ರತಿ ಬಾಗಿಲಿಗೂ ಒಂದಲ್ಲ, ಎರಡು ಬೀಗ. ಸಾವಾದ ಮನೆಯ ಬಾಗಿಲಿಗೆ ಮಾತ್ರ ಬೀಗವಿಲ್ಲ, ಚಿಲಕವೂ ಇಲ್ಲ. ಬೆಕ್ಕು ಬರಬೇಕಲ್ಲ.

ತಿಥಿಯ ಊಟ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿ ಹೋಗಿ, ಮನೆಯವರು ಮೊದಲ ಸಲ ತಾವು ತಾವೇ ಕೂತಿರುವ ಹೊತ್ತಿಗೆ ಅದು ಒಳಗೆ ಬರುತ್ತದೆ. ತೀರಿಹೋದವರ ರೀತಿಗಳಲ್ಲಿ ಏನೋ ಒಂದನ್ನು ತನ್ನೊಡನೆ ತಂದಿರುತ್ತದೆ. ಕೂರುವ ಜಾಗವೋ, ಮುಖ ಮುರಿಯುವ ಬಗೆಯೋ, ಸಿಡುಕೋ. ಹೋದವರೇ ಬೆಕ್ಕಾಗಿ ಬಂದರು ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಹಿರಿಯರು ಬೈಯುತ್ತಾರೆ. ಹಾಗಾಗಿ ಯಾರೂ ಅದಕ್ಕೆ ಹೆಸರಿಡುವುದಿಲ್ಲ. ‘ನಮ್ಮನೇದು’ ಎನ್ನುತ್ತೇವೆ, ಅಷ್ಟೇ. ನನ್ನ ಅತ್ತೆ ತೀರಿಕೊಂಡಾಗ ಬೆಕ್ಕು ನಮ್ಮ ಮನೆಗೆ ಬರಲಿಲ್ಲ, ನೆಟ್ಟಗೆ ಭಾವನವರ ಮನೆಗೆ ಹೋಯಿತು. ಹಾಸಿಗೆ ಹಿಡಿದಾಗ ಎತ್ತಿ ಕೂರಿಸಿದವಳು ನಾನು, ತುತ್ತು ತಿನ್ನಿಸಿದವಳು ನಾನು. ಇರಲಿ ಬಿಡಿ. ಈಗಲೂ ಭಾವನ ಮನೆಗೆ ಹೋದರೆ ಆ ಬೆಕ್ಕು ನಾನು ಮಾಡಿಕೊಂಡು ಹೋದ ತಿಂಡಿಯನ್ನು ಮೂಸಿ ನೋಡಿ ಮುಖ ತಿರುಗಿಸುತ್ತದೆ. ಅದಕ್ಕಿಂತ ಹೆಚ್ಚಿನ ಗುರುತು ನನಗೆ ಬೇಕಾಗಿಲ್ಲ.

ಮನೆಯವರಿಗೇ ಗೊತ್ತಿಲ್ಲದ್ದನ್ನು ಬೆಕ್ಕು ಹೊರಗೆ ಹಾಕುವುದೂ ಉಂಟು. ಹಳೆಯ ಪೋಸ್ಟ್ ಮಾಸ್ಟರರ ಬೆಕ್ಕು ಸಂಜೆಯಾದರೆ ಸಾಕು, ಹಿಂದಿನ ಬೀದಿಯ ಸಂಗೀತದ ಮೇಷ್ಟರ ಜಗುಲಿಯಲ್ಲಿ ಕೂತು ತಲೆದೂಗುತ್ತಿತ್ತು. ಜೀವಮಾನವೆಲ್ಲ ಸಂಸಾರ ಮಾಡಿದ ಹೆಂಡತಿಗೆ ತನ್ನ ಗಂಡನಿಗೆ ಹಾಡಿನ ಹುಚ್ಚಿತ್ತೆಂಬುದು ಗೊತ್ತೇ ಇರಲಿಲ್ಲ. ‘ಒಂದು ದಿನ ನನ್ ಹತ್ರ ಹೇಳ್ಬಾರ್ದಿತ್ತಾ’ ಎಂದು ಆಕೆ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಅತ್ತಿದ್ದನ್ನು ನಾನೇ ನೋಡಿದ್ದೇನೆ. ಇನ್ನು ಕೆಲವು ಬೆಕ್ಕುಗಳು ಮನೆಯ ಯಾರನ್ನೂ ಹೋಲುವುದಿಲ್ಲ. ಆಗ ‘ಮನೆ ತಪ್ಪಿ ಬಂದಿದೆ’ ಎಂದು ಬೆಕ್ಕುಗಳ ಛತ್ರಕ್ಕೆ ಬಿಟ್ಟುಬರುತ್ತಾರೆ, ತಮ್ಮದಕ್ಕಾಗಿ ಮತ್ತೆ ಬಾಗಿಲು ತೆರೆದಿಟ್ಟು ಕಾಯುತ್ತಾರೆ. ಕಾದು ಕಾದು ಸಾಕಾದವರು ಆಯುಧಪೂಜೆಯ ದಿನ ಬಾಗಿಲಿಗೆ ಹೊಸ ಬೀಗ ಹಾಕುತ್ತಾರೆ. ಬೀಗ ಬಿದ್ದ ಮೇಲೆ ಮುಗಿಯಿತು. ಬೆಕ್ಕು ಬರುವುದಿಲ್ಲ, ಎಲ್ಲೋ ಇರುವ ಬೆಕ್ಕು ತಮ್ಮದೆಂದು ಕೇಳುವ ಹಕ್ಕೂ ಇರುವುದಿಲ್ಲ.

ನಮ್ಮ ಮನೆಯಿಂದ ಎರಡು ಮನೆ ಆಚೆ ಶೇಷಗಿರಿರಾಯರ ಮನೆ. ರಾಯರು ಕಾರ್ಖಾನೆಯಲ್ಲಿ ಬೀಗ ಪರೀಕ್ಷೆ ಮಾಡುವವರು. ಒಳ್ಳೆಯ ಮನುಷ್ಯ. ಬೀದಿಯಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಬರುವವರು ಅವರೇ. ಮಗಳು ವಸುಮತಿಯ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ‘ಏನದು?’ ಎನ್ನುತ್ತಿದ್ದರು, ಅಷ್ಟೇ. ಆ ದನಿ ಗೋಡೆಗಳನ್ನು ದಾಟಿ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಊಟ ಮಾಡುತ್ತಿದ್ದ ನನ್ನ ಮಗಳು ತುಂಗಾ ಕೂಡ ತುತ್ತು ಕೆಳಗಿಟ್ಟು ನೆಟ್ಟಗೆ ಕೂರುತ್ತಿದ್ದಳು. ವಸು ಅಂತೂ ಬಂಗಾರದಂಥ ಮಗು. ಬ್ಲೌಸಿನ ಅಳತೆಗೆಂದು ನಾನು ಅವರ ಮನೆಗೆ ಹೋದಾಗಲೆಲ್ಲ ಆ ಹುಡುಗಿ ನಡುಮನೆಯ ಕಂಬಕ್ಕೆ ಒರಗಿ, ಮಂಡಿ ಜೋಡಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನೆಲ ನೋಡುತ್ತ ಕೂತಿರುತ್ತಿತ್ತು. ತಟ್ಟೆಯಲ್ಲಿ ಉಂಡೆ ಕೊಟ್ಟರೆ ಅಪ್ಪನ ಮುಖ ನೋಡಿಯೇ ಕೈ ಹಾಕುತ್ತಿತ್ತು. ನಾನು ಮನೆಗೆ ಬಂದು, ‘ನೋಡು, ವಸೂನ ನೋಡಿ ಕಲಿ, ಮಗು ಅಂದ್ರೆ ಹಾಗಿರ್ಬೇಕು’ ಎಂದು ತುಂಗಾಳಿಗೆ ಹೇಳುತ್ತಿದ್ದೆ. ತುಂಗಾ ಲಂಗದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಬೈಸಿಕೊಂಡ ಮಗು ಏಕೆ ನಗುತ್ತದೆ ಎಂದು ನಾನು ಯೋಚಿಸಲಿಲ್ಲ. ಇಬ್ಬರೂ ಒಂದೇ ತರಗತಿ, ಒಂದೇ ಬೆಂಚು.

ಹೋದ ವರ್ಷದ ಮಳೆಗಾಲದಲ್ಲಿ ವಸುಗೆ ಜ್ವರ ಬಂತು. ಜ್ವರ ತಲೆಗೇರಿತು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದವರು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಇದರ ಬಗ್ಗೆ ಇನ್ನೇನೂ ಹೇಳಲಾರೆ.

ತುಂಗಾ ಅನ್ನ ನೀರು ಬಿಟ್ಟಳು. ನಾನು ಗಾಬರಿಯಾಗಿ ಅವಳನ್ನು ತವರಿಗೆ ಕರೆದುಕೊಂಡು ಹೋಗಿಬಿಟ್ಟೆ. ಹಾಗಾಗಿ ರಾಯರ ಮನೆಗೆ ಬೆಕ್ಕು ಬಂದದ್ದನ್ನೂ ನಾವು ನೋಡಲಿಲ್ಲ, ಹೋದದ್ದನ್ನೂ ನೋಡಲಿಲ್ಲ. ತಿರುಗಿ ಬಂದಾಗ ವಸುವಿನ ತಾಯಿ ಕುಮುದಾ ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಹೇಳಿದರು.

“ಬಂದಿತ್ತು ಜಲಜಾ. ಆದ್ರೆ ನಮ್ದಲ್ಲ. ಮನೆ ತಪ್ಪಿ ಬಂದಿತ್ತು. ಅಬ್ಬಬ್ಬ, ಅದೇನು ಬೆಕ್ಕೋ, ದೆವ್ವವೋ! ಬೀರು ಮೇಲೆ ಹತ್ತಿ ಕುಣೀತು, ಪರದೆ ಹಿಡ್ಕೊಂಡು ಜೋತಾಡ್ತು. ನಮ್ಮ ಮನೇಲಿ ಬಾಯಿ ಬಿಡೋ ಶಕ್ತಿ ಯಾರಿಗಿತ್ತು ಹೇಳಿ? ಅವ್ರೂ ಮಾತಾಡ್ತಿರ್ಲಿಲ್ಲ, ನಾನೂ ಮಾತಾಡ್ತಿರ್ಲಿಲ್ಲ. ನಾವು ಸುಮ್ನಿದ್ದಷ್ಟೂ ಅದರ ಕುಣಿತ ಜಾಸ್ತಿ. ಕೊನೆಗೆ ಒಂದಿನ ಊಟಕ್ಕೆ ಕೂತಿದ್ದೆ. ಯಾರೋ ಎಡ ಮೊಣಕೈ ತಟ್ಟಿದ ಹಾಗಾಯ್ತು. ಈ ಕಡೆ ತಿರುಗಿದ್ರೆ, ಆ ಕಡೆಯಿಂದ ಬಂದು ತಟ್ಟೇಲಿದ್ದ ಚಪಾತಿ ಎಳ್ಕೊಂಡು ಹೋಯ್ತು! ನಮ್ಮ ವಸು ಹೀಗೆಲ್ಲ ಮಾಡ್ತಿದ್ಲಾ, ನೀವೇ ಹೇಳಿ?”

“ಛೆ, ಎಲ್ಲಾದ್ರೂ ಉಂಟಾ” ಎಂದೆ ನಾನು. ಮನಸ್ಸಿನಿಂದಲೇ ಹೇಳಿದೆ.

“ಅದಕ್ಕೇ ಛತ್ರಕ್ಕೆ ಬಿಟ್ಟು ಬಂದ್ರು. ನಮ್ದು ಬರುತ್ತೆ. ಮೆಲ್ಲಗೆ ಬಂದು ಕಂಬದ ಹತ್ರ ಕೂರುತ್ತೆ. ಅವಳಿಗೆ ಎಲ್ಲಾದ್ರಲ್ಲೂ ಹೆದರಿಕೆ ನೋಡಿ, ಬರೋದಕ್ಕೂ ಹೆದರಿಕೊಂಡಿದೆ ಅನ್ಸುತ್ತೆ.”

ಅಂದಿನಿಂದ ಅವರ ಮನೆಯ ಬಾಗಿಲು ತೆರೆದೇ ಇತ್ತು. ಕಂಬದ ಬುಡದಲ್ಲಿ ಒಂದು ಬಟ್ಟಲು ಹಾಲು. ಬೆಳಿಗ್ಗೆ ಇಟ್ಟದ್ದನ್ನು ಸಂಜೆ ಕುಮುದಾ ಗಿಡಕ್ಕೆ ಹಾಕುತ್ತಿದ್ದರು. ಮಳೆಯ ಎರಚಲು ಒಳಗೆ ಹೊಡೆದರೂ ಬಾಗಿಲು ಎಳೆಯಲಿಲ್ಲ; ಊರಿಗೆಲ್ಲ ಬೀಗ ಪರೀಕ್ಷೆ ಮಾಡಿಕೊಡುವ ರಾಯರು ತಮ್ಮ ಮನೆಯಲ್ಲಿ ಗಾಳಿಗೆ ಬಡಿಯುವ ಬಾಗಿಲಿಗೆ ಕಲ್ಲು ಒತ್ತು ಕೊಟ್ಟು ಮಲಗುತ್ತಿದ್ದರು.

ನಮ್ಮ ಮನೆಯ ಗೋಳು ಬೇರೆ. ತುಂಗಾ ಮಾತಾಡುವುದನ್ನು ಪೂರಾ ಬಿಡಲಿಲ್ಲ, ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ. ಶಾಲೆಯಿಂದ ಡಬ್ಬಿ ಅರ್ಧ ಹಾಗೇ ವಾಪಸ್ಸು ಬರುತ್ತಿತ್ತು. ಬೈದೆ, ಮುದ್ದು ಮಾಡಿದೆ, ಹರಕೆ ಹೊತ್ತೆ. ‘ಅಷ್ಟೇ ಕಣಮ್ಮ ನಂದು’ ಎನ್ನುತ್ತಿದ್ದಳು. ನಮ್ಮವರು ಬೀಗದ ಲಾರಿ ಓಡಿಸುತ್ತಾರೆ. ಊರಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಅವರೇ ಒಂದು ದಿನ ಹೊರಡುವ ಮುಂಚೆ, “ದಸರಾ ರಜೆಗೆ ಅವಳಿಗೊಂದು ಬೆಕ್ಕು ತಂದುಕೊಡೆ. ಛತ್ರದಲ್ಲಿ ಕೊಡ್ತಾರಲ್ಲ. ಜೀವ ಅನ್ನೋದೊಂದು ಮಡಿಲಲ್ಲಿದ್ರೆ ಮಗು ಸರಿಹೋಗುತ್ತೆ” ಎಂದರು. ಅದು ನಮ್ಮೂರಿನ ಪದ್ಧತಿ. ಯಾರೂ ಕೇಳದೆ ಉಳಿದ ಬೆಕ್ಕುಗಳನ್ನು ದಸರಾ ರಜೆಯಲ್ಲಿ ಮಕ್ಕಳಿಗೆ ಉಡುಗೊರೆಯಾಗಿ ಕೊಡುತ್ತಾರೆ. ಮಕ್ಕಳಿಗೆ ಅದು ಬರೀ ಬೆಕ್ಕು ನೋಡಿ, ಅದು ಯಾರನ್ನು ಹೋಲುತ್ತದೆಂದು ಅವರು ತಲೆ ಕೆಡಿಸಿಕೊಳ್ಳುವುದಿಲ್ಲ.

ಛತ್ರವಿರುವುದು ಕಾರ್ಖಾನೆಯ ಹಿಂದೆ, ಹಳೆಯ ಗೋದಾಮಿನಲ್ಲಿ. ನೋಡಿಕೊಳ್ಳುವವಳು ದ್ಯಾವಮ್ಮ. “ಯಾವ್ದು ಬೇಕೋ ಎತ್ಕೊಳವ್ವ. ಯಾರ ಮನೇದು ಅಂತ ಮಾತ್ರ ಕೇಳ್ಬೇಡ, ನಾನು ಹೇಳಾಕಿಲ್ಲ” ಎಂದಳು. ಒಳಗೆ ಕಾಲಿಟ್ಟವಳಿಗೆ ಸಂಕಟವಾಯಿತು. ಒಂದು ಬೆಕ್ಕು ಬಾಗಿಲ ಹಿಂದೆ ನಿಂತು ಇಣುಕುತ್ತಿತ್ತು. ಒಂದು ಉದುರಿದ ಹುಲ್ಲುಕಡ್ಡಿಗಳನ್ನೆಲ್ಲ ಕಾಲಲ್ಲಿ ಗುಡ್ಡೆಮಾಡುತ್ತಿತ್ತು, ಯಾರಾದರೂ ದಾಟಿ ಕೆದರಿದರೆ ಮತ್ತೆ ಗುಡ್ಡೆಮಾಡುತ್ತಿತ್ತು. ಯಾರದೋ ಅಪ್ಪ, ಯಾರದೋ ನಾದಿನಿ, ಗುರುತು ಹಿಡಿಯುವವರಿಲ್ಲದೆ ಸಾಲಾಗಿ ಕೂತಿದ್ದಾರೆ ಎನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ.

ಅಷ್ಟರಲ್ಲಿ ತೊಲೆಯ ಮೇಲಿಂದ ಒಂದು ಬೆಕ್ಕು ನನ್ನ ಚೀಲದ ಮೇಲೆಯೇ ಧುಮುಕಿತು. ಬೂದು ಬಣ್ಣ, ಒಂದು ಕಿವಿ ಮಾತ್ರ ಕಪ್ಪು. ಚೀಲದೊಳಗೆ ತಲೆ ಹಾಕಿ ಬಿಸ್ಕತ್ತಿನ ಪೊಟ್ಟಣ ಕಚ್ಚಿಕೊಂಡು ಓಡಿತು. ನಗು ಬಂತು ನನಗೆ.

“ಅದು ಬ್ಯಾಡ ಕಣವ್ವ. ಕಳ್ಳಮುಂಡೇದು. ಎರಡು ಮನೆಯೋರು ತಗಂಡೋಗಿ ವಾಪಸ್ ತಂದು ಬಿಟ್ಟವ್ರೆ” ಎಂದಳು ದ್ಯಾವಮ್ಮ.

“ಇರ್ಲಿ ಬಿಡು. ಸಪ್ಪೆ ಮೋರೆ ನಮ್ಮ ಮನೇಲಿ ಈಗಾಗ್ಲೇ ಒಂದಿದೆ” ಎಂದು ಅದನ್ನೇ ಬುಟ್ಟಿಗೆ ಹಾಕಿಕೊಂಡು ಬಂದೆ.

ತುಂಗಾ ಬುಟ್ಟಿ ನೋಡಿ, “ನಂಗಾ?” ಎಂದಳು. ಹೌದೆಂದೆ. “ಚೆನ್ನಾಗಿದೆ” ಎಂದು ಮತ್ತೆ ಕಿಟಕಿಯ ಹತ್ತಿರ ಹೋಗಿ ಕೂತಳು. ನನಗೆ ಅಳು ಬರುವಂತಾಯಿತು. ಬೆಕ್ಕೂ ಬೇಡವಾದರೆ ಈ ಮಗುವಿಗೆ ಇನ್ನೇನು ತಂದುಕೊಡಲಿ? ಮಧ್ಯಾಹ್ನ ದೋಸೆ ಹಾಕಿಕೊಟ್ಟೆ. ಅವಳು ನಡುವನ್ನಷ್ಟೇ ತಿಂದು, ಗರಿಗರಿಯಾದ ಅಂಚನ್ನೆಲ್ಲ ತಟ್ಟೆಯ ಬದಿಗೆ ಸರಿಸಿಟ್ಟಳು. ಒಂದು ವರ್ಷದಿಂದ ಹಾಗೇ ಮಾಡುತ್ತಿದ್ದಳು, ಚಿಕ್ಕಂದಿನಲ್ಲಿ ಅಂಚಿಗೇ ಜಗಳವಾಡಿದ ಹುಡುಗಿ. ನಾನು ಕಾವಲಿಯ ಕಡೆ ತಿರುಗಿದ್ದೆ. ಹಿಂದಿನಿಂದ ಒಂದು ಶಬ್ದ ಬಂತು. ಏನೆಂದು ನನಗೆ ಮೊದಲು ತಿಳಿಯಲೇ ಇಲ್ಲ, ಅಷ್ಟು ದಿನವಾಗಿತ್ತು ಕೇಳಿ. ತುಂಗಾ ನಗುತ್ತಿದ್ದಳು.

“ಅಮ್ಮ, ನೋಡು, ನೋಡು! ಇನ್ನೊಂದ್ಸಲ ಮಾಡುತ್ತೆ, ನೋಡ್ತಿರು!”

ಬೆಕ್ಕು ಅವಳ ಎಡಗಡೆ ನಿಂತಿತ್ತು. ಮುಂಗಾಲೆತ್ತಿ ಅವಳ ಎಡ ಮೊಣಕೈಯನ್ನು ಮೆತ್ತಗೆ ತಟ್ಟಿತು. ಅವಳು ಬೇಕೆಂದೇ ಎಡಕ್ಕೆ ತಿರುಗಿದಳು. ಬೆಕ್ಕು ಬೆನ್ನ ಹಿಂದಿನಿಂದ ಸುತ್ತಿಕೊಂಡು ಬಲಗಡೆಗೆ ಬಂದು ದೋಸೆಯ ಅಂಚು ಕಚ್ಚಿಕೊಂಡು ಓಡಿಹೋಯಿತು. ತುಂಗಾ ನಕ್ಕು ನಕ್ಕು ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಹತ್ತಿರ ಹೋಗಿ ನೋಡಿದರೆ ಅಳುತ್ತಿದ್ದಳು.

“ಅಮ್ಮ, ಇದು ವಸು.”

“ಶ್! ಹಾಗನ್ಬಾರ್ದು.”

“ಇಲ್ಲಮ್ಮ, ಅವಳು ಹೀಗೇ ಮಾಡ್ತಿದ್ಲು. ದಿನಾ ಡಬ್ಬಿ ಬಿಚ್ಚಿದ ತಕ್ಷಣ ಈ ಕಡೆ ತಟ್ಟೋದು, ಆ ಕಡೆಯಿಂದ ಅಂಚು ಕದಿಯೋದು. ಎಲ್ಲರ ಡಬ್ಬೀಲೂ ಕದೀತಿದ್ಲು. ಗೋಡೆ ಹಾರ್ತಿದ್ಲು, ಹುಣಸೆ ಮರ ಹತ್ತಿ ಮೇಷ್ಟ್ರ ಥರ ಮಾತಾಡ್ತಿದ್ಲು. ನೀನು ಅವಳನ್ನ ನೋಡಿ ಕಲಿ ಅಂತಿದ್ಯಲ್ಲ, ಅವಳಿಗೆ ಹೇಳಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು.” ಮೂಗು ಒರೆಸಿಕೊಂಡು, “ಅಂಚು ಅವಳಿಗೇ ಅಂತ ಎತ್ತಿಡ್ತಿದ್ದೆ. ಈಗಲೂ ಕೈ ಹಾಗೇ ಎತ್ತಿಡುತ್ತೆ” ಎಂದಳು.

ಎಡ ಮೊಣಕೈ ತಟ್ಟಿದ ಬೆಕ್ಕಿನ ಕಥೆಯನ್ನು ಕುಮುದಾ ನನ್ನ ಮೆಷಿನ್ನಿನ ಪಕ್ಕ ಕೂತು ಹೇಳಿದ್ದು ನೆನಪಾಯಿತು. ತಮ್ಮ ಮಗುವಿಗಾಗಿ ಬಾಗಿಲು ತೆರೆದಿಟ್ಟು ಕೂತ ಆ ತಾಯಿ, ಬಂದ ಮಗುವನ್ನೇ ಯಾರದೋ ಎಂದು ಕಳಿಸಿಬಿಟ್ಟಿದ್ದರು. ಅವರಿಗೆ ಗೊತ್ತಿದ್ದ ವಸು ಕಂಬಕ್ಕೆ ಒರಗಿದ ವಸು. ಮರ ಹತ್ತುವ ವಸುವನ್ನು ಅವರು ನೋಡಿಯೇ ಇರಲಿಲ್ಲ.

ಈಗ ನಾನೇನು ಮಾಡಬೇಕಿತ್ತು, ನೀವೇ ಹೇಳಿ. ಹೋಗಿ ಹೇಳಿದರೆ ಬೆಕ್ಕನ್ನು ಕೊಟ್ಟುಬಿಡಬೇಕು. ಮೂಲದ ಮನೆಯವರು ಕೇಳಿದ ಮೇಲೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಮಾರನೆಯ ದಿನದಿಂದ ನನ್ನ ಮಗಳು ಮಾತಾಡತೊಡಗಿದ್ದಳು. ಬೆಕ್ಕಿನ ಹಿಂದೆ ಹಿತ್ತಲಿಗೆ ಓಡಿದಳು, ಇನ್ನೊಂದು ದೋಸೆ ಹಾಕು ಎಂದಳು, ಕಾಲು ಚಾಚಿ ಮಲಗಿದಳು. ಇದನ್ನು ಕಿತ್ತುಕೊಂಡರೆ ಅವಳಿಗೆ ಅದೇ ಗೆಳತಿ ಎರಡನೆಯ ಸಲ ಸಾಯುತ್ತಾಳೆ. ಅಷ್ಟೇ ಅಲ್ಲ, ಹೋಗಿ ಹೇಳುವುದಾದರೂ ಏನನ್ನು? ನಿಮ್ಮ ಮಗಳು ನಿಮಗೆ ಗೊತ್ತಿರಲಿಲ್ಲ ಎಂದೇ? ಮಗುವನ್ನು ಕಳೆದುಕೊಂಡ ಹೆಂಗಸಿನ ಮುಂದೆ ಯಾವ ನಾಲಿಗೆ ಆ ಮಾತನ್ನು ಆಡುತ್ತದೆ? ಹೀಗೆಂದು ನನಗೆ ನಾನೇ ಒಪ್ಪಿಸಿಕೊಂಡು ಬೆಕ್ಕನ್ನು ಒಳಕೋಣೆಯಲ್ಲಿಟ್ಟು ಬಾಗಿಲು ಎಳೆದುಕೊಂಡೆ.

ಹಬ್ಬದ ಬ್ಲೌಸು ತೆಗೆದುಕೊಂಡು ಹೋಗಲು ಕುಮುದಾ ಬಂದರು. ಒಳಗಿನಿಂದ ದಡಬಡ ಸದ್ದಾಯಿತು. “ಬೆಕ್ಕು ತಂದ್ರಂತೆ ತುಂಗಾಗೆ? ಒಳ್ಳೇದಾಯ್ತು. ಮಗು ಮುಖದಲ್ಲಿ ಕಳೆ ಬಂದಿದೆ” ಎಂದರು. ನಾನು ಗುಂಡಿ ಹೊಲಿಯುವ ನೆಪದಲ್ಲಿ ತಲೆ ಎತ್ತಲಿಲ್ಲ.

“ಅವ್ರು ಬೀಗ ತಂದಿಟ್ಟಿದ್ದಾರೆ ಜಲಜಾ. ನಾಳಿದ್ದು ಆಯುಧಪೂಜೆಗೆ ಹಾಕ್ಬಿಡ್ತಾರಂತೆ. ನಾನು ಬೇಡ ಅಂದೆ. ಇನ್ನೆಷ್ಟು ದಿನ ಕಾಯ್ತೀಯೆ, ಅವಳಿಗೆ ಬರೋ ಮನಸ್ಸಿಲ್ಲ, ನಾವು ಏನು ಕಡಿಮೆ ಮಾಡಿದ್ವೋ ಏನೋ ಅಂತ ಗೋಡೆ ಕಡೆ ತಿರುಗಿ ಮಲಗಿಬಿಟ್ರು.” ಬ್ಲೌಸನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. “ನಿಜ ಹೇಳಿ, ಕರೆದ್ರೆ ಒಂದೇ ಮಾತಿಗೆ ಬರೋ ಮಗು ನಮ್ಮದು. ಯಾಕೆ ಬರ್ಲಿಲ್ಲ?”

ಅವರು ಹೋದ ಮೇಲೆ ಸೂಜಿ ನನ್ನ ಬೆರಳಿಗೆ ಚುಚ್ಚಿರುವುದು ಕಂಡಿತು. ಇನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬೀಗ ಬಿದ್ದರೆ ಬೆಕ್ಕು ನಮ್ಮದು, ಊರಿನ ಲೆಕ್ಕದಲ್ಲೂ ನಮ್ಮದು. ನಾನು ಸುಮ್ಮನಿರುತ್ತಿದ್ದೆನೋ ಏನೋ. ನನ್ನ ಮಗಳ ನಗುವಿನ ಮುಂದೆ ನನಗೆ ಯಾರ ಕಣ್ಣೀರೂ ದೊಡ್ಡದಾಗಿರಲಿಲ್ಲ. ಆದರೆ ತುಂಗಾ ಒಳಕೋಣೆಯ ಬಾಗಿಲಲ್ಲಿ ಬೆಕ್ಕನ್ನೆತ್ತಿಕೊಂಡು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅಮ್ಮ, ವಸು ಬರ್ಲಿಲ್ಲ ಅಂದ್ಕೊಂಡಿದಾರಲ್ಲ ಕುಮುದಾ ಅತ್ತೆ. ಅವಳು ಬಂದಿದ್ಲು ಅಂತ ಹೇಳ್ಬೇಕಲ್ವಾ?”

“ಹೇಳಿದ್ರೆ ಅಲ್ಲೇ ಬಿಟ್ಟು ಬರ್ಬೇಕು ಕಣೇ. ವಾಪಸ್ ಕೊಡಲ್ಲ.”

“ಗೊತ್ತು.” ಬೆಕ್ಕಿನ ಕಪ್ಪು ಕಿವಿಯ ಮೇಲೆ ಗಲ್ಲವಿಟ್ಟಳು. “ನಾಳಿದ್ದು ಮಧ್ಯಾಹ್ನ ಹೋಗೋಣ. ಬೆಳಿಗ್ಗೆ ದೋಸೆ ಮಾಡು, ಅಂಚು ಗರಿಯಾಗಿರ್ಲಿ.”

ಆಯುಧಪೂಜೆ ನಮ್ಮೂರಿನ ದೊಡ್ಡ ಹಬ್ಬ. ಅಂದು ಎಲ್ಲರ ಬಾಗಿಲಲ್ಲೂ ತೊಳೆದ ಬೀಗಗಳು, ಬೀಗಗಳಿಗೆ ಕುಂಕುಮ, ಚೆಂಡುಹೂವು. ನಾವು ಹೋದಾಗ ರಾಯರು ನಡುಮನೆಯಲ್ಲಿ ಮಣೆಯ ಮೇಲೆ ಕೂತು ಹೊಸ ಬೀಗಕ್ಕೆ ಎಣ್ಣೆ ಹಾಕುತ್ತಿದ್ದರು. ಮಗ್ಗುಲಲ್ಲಿ ಒಬ್ಬಟ್ಟಿನ ತಟ್ಟೆ, ಮುಟ್ಟಿರಲಿಲ್ಲ. ಕುಮುದಾ ನಮ್ಮ ಬುಟ್ಟಿಯನ್ನು ಕಂಡು ನಗುಮುಖದಿಂದ ಬಂದವರು, ಮುಚ್ಚಳ ತೆಗೆದೊಡನೆ ಹಿಂದೆ ಸರಿದರು.

“ಅಯ್ಯೋ, ಇದೇ ಅಲ್ವಾ ಅವತ್ತು ಮನೆ ತಪ್ಪಿ ಬಂದಿದ್ದು?”

“ಮನೆ ತಪ್ಪಿಲ್ಲ ಅತ್ತೆ” ಎಂದಳು ತುಂಗಾ. ನಾನು ಮಾತು ಹುಡುಕುತ್ತಿರುವಾಗಲೇ ಎಲ್ಲವನ್ನೂ ಹೇಳಿಬಿಟ್ಟಳು. ಡಬ್ಬಿ, ಹುಣಸೆ ಮರ, ಗೋಡೆ, ಮೇಷ್ಟರ ದನಿ. ಗೆಳತಿಯನ್ನು ಹೊಗಳುವ ಉತ್ಸಾಹದಲ್ಲಿ ಕೈ ಆಡಿಸಿಕೊಂಡು ಹೇಳಿದಳು. ಕುಮುದಾರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ರಾಯರು ಎಣ್ಣೆಯ ಬಟ್ಟೆ ಕೆಳಗಿಟ್ಟರು. “ತುಂಗಾ, ನೀನು ಚಿಕ್ಕೋಳು. ಬೇರೆ ಯಾರನ್ನೋ ನೆನಪಿಟ್ಕೊಂಡು ಹೇಳ್ತಿದ್ದೀಯ. ನನ್ನ ಮಗಳು ಇನ್ನೊಬ್ಬರ ತಟ್ಟೆಗೆ ಕೈ ಹಾಕೋಳಲ್ಲಮ್ಮ. ಕೇಳದೆ ಒಂದು ಲೋಟ ನೀರು ಕುಡಿದೋಳಲ್ಲ.”

“ಇಲ್ಲಿ ಕುಡೀತಿರ್ಲಿಲ್ಲ ಮಾವ” ಎಂದಳು ತುಂಗಾ.

ಅಷ್ಟರಲ್ಲಿ ಬೆಕ್ಕು ಬುಟ್ಟಿಯಿಂದ ಹೊರಗೆ ಬಂದಿತ್ತು. ಸುತ್ತ ನೋಡಿತು, ಮೂಸಿತು, ರಾಯರ ಎಡಗಡೆಗೆ ಹೋಗಿ ನಿಂತಿತು. ಮುಂಗಾಲೆತ್ತಿ ಅವರ ಮೊಣಕೈ ತಟ್ಟಿತು. ರಾಯರು ಆ ಕಡೆ ತಿರುಗಿದರು. ಬಲಗಡೆಯಿಂದ ಒಬ್ಬಟ್ಟು ಹೊರಟಿತು.

“ಏನದು?”

ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಕೇಳದಿದ್ದ ದನಿ. ರಾಯರು ಬೇಕೆಂದು ಅಂದದ್ದಲ್ಲ, ಅಭ್ಯಾಸಬಲದಿಂದ ಬಾಯಿಗೆ ಬಂದದ್ದು.

ಬೆಕ್ಕು ಇದ್ದಲ್ಲೇ ನಿಂತಿತು. ಒಬ್ಬಟ್ಟನ್ನು ನೆಲದ ಮೇಲಲ್ಲ, ತಿರುಗಿ ಬಂದು ತಟ್ಟೆಯ ಅಂಚಿನಲ್ಲಿಟ್ಟಿತು. ಆಮೇಲೆ ಗೋಡೆಯ ಪಕ್ಕದಲ್ಲೇ ನಡೆದು ಕಂಬದ ಹತ್ತಿರ ಹೋಯಿತು. ಕಂಬಕ್ಕೆ ಬೆನ್ನು ತಾಗಿಸಿ, ಮುಂಗಾಲುಗಳನ್ನು ಒಂದಕ್ಕೊಂದು ಜೋಡಿಸಿ, ಬಾಲವನ್ನು ಒಳಗೆ ಎಳೆದುಕೊಂಡು, ನೆಲ ನೋಡುತ್ತ ಕೂತಿತು. ಅಲುಗಾಡಲಿಲ್ಲ.

ಕುಮುದಾರ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ. ಅವರು ಕಾಯುತ್ತಿದ್ದ ಗುರುತು ಅದು. ಒಂದು ವರ್ಷ ಹಾಲು ಇಟ್ಟು, ಬಾಗಿಲು ತೆರೆದು ಕಾದ ಗುರುತು ಕಣ್ಣೆದುರಿಗೆ ಕೂತಿತ್ತು. ನನಗೆ ಗೊತ್ತು, ಆ ಗುರುತು ಸಿಗದೆ ಹೋಗಿದ್ದರೇ ಚೆನ್ನಾಗಿತ್ತು.

ರಾಯರು ಬೀಗ ಕೆಳಗಿಟ್ಟರು. ಮಣೆಯಿಂದ ಜಾರಿ ನೆಲದ ಮೇಲೆ ಮಂಡಿಯೂರಿ ಕೂತರು. “ಬಾ” ಎಂದರು. “ಬಾರಮ್ಮ ಕಂದ. ನಾನೇನೂ ಅನ್ನಲ್ಲ. ತಿನ್ನು, ಎಲ್ಲಾ ನಿಂದೇ.” ತಟ್ಟೆಯನ್ನು ಮುಂದೆ ತಳ್ಳಿದರು. ಬೆಕ್ಕು ಎದ್ದಿತು. ಕರೆದ ಒಂದೇ ಮಾತಿಗೆ ಎದ್ದು ಬಂತು, ಕೈಗೆಟುಕುವಷ್ಟು ದೂರದಲ್ಲಿ ಮತ್ತೆ ಕಾಲು ಜೋಡಿಸಿ ಕೂತಿತು, ಅವರ ಮುಖ ನೋಡಿತು. ತಟ್ಟೆಯನ್ನು ಮುಟ್ಟಲಿಲ್ಲ. ಅಪ್ಪಣೆಗೆ ಕಾಯುತ್ತಿತ್ತು. ರಾಯರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಂಥ ದೊಡ್ಡ ಮನುಷ್ಯ ಮಕ್ಕಳ ಹಾಗೆ ಬಿಕ್ಕುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಬೆಕ್ಕು ಮಾತ್ರ ಕೂತೇ ಇತ್ತು.

ತುಂಗಾ ಖಾಲಿ ಬುಟ್ಟಿಯನ್ನು ಎತ್ತಿಕೊಂಡಳು. ನನ್ನ ಸೆರಗು ಹಿಡಿದು, “ನಡಿಯಮ್ಮ” ಎಂದಳು. ಬಾಗಿಲವರೆಗೆ ಹೋಗಿದ್ದೆವು.

“ನಿಂತ್ಕೋ ತುಂಗಾ.” ಕುಮುದಾ ಕಂಬದ ಹತ್ತಿರ ನಿಂತಿದ್ದರು. “ಕರ್ಕೊಂಡು ಹೋಗಮ್ಮ.”

“ಅತ್ತೆ?”

“ಇಲ್ಲಿದ್ರೆ ಹೀಗೇ ಕೂತಿರುತ್ತೆ. ನಿಮ್ಮನೇಲಿ ಕುಣಿಯುತ್ತಲ್ಲ, ಅಲ್ಲಿರ್ಲಿ.” ಗಂಡನ ಕಡೆ ನೋಡಿದರು. ರಾಯರು ಮುಖದಿಂದ ಕೈ ತೆಗೆಯದೆ ತಲೆಯಾಡಿಸಿದರು. ಕುಮುದಾ ಬಗ್ಗಿ ಬೆಕ್ಕನ್ನು ಎತ್ತಿ ಎದೆಗೊತ್ತಿಕೊಂಡರು. ಅದು ಅವರ ತೋಳಿನಲ್ಲಿ ಬಹಳ ಒಳ್ಳೆಯ ಬೆಕ್ಕಾಗಿ ಇತ್ತು. ಆಮೇಲೆ ತಾವೇ ಬುಟ್ಟಿಯೊಳಗಿಟ್ಟು ಮುಚ್ಚಳ ಹಾಕಿದರು. ನಾವು ಮನೆ ಮುಟ್ಟುವಷ್ಟರಲ್ಲಿ ಬೀಗ ಬಿದ್ದ ಸದ್ದು ಬೀದಿಗೆಲ್ಲ ಕೇಳಿತು. ಇನ್ನು ಆ ಬಾಗಿಲು ತೆರೆದಿರಬೇಕಾದ ಕಾರಣವಿರಲಿಲ್ಲ.

ಈಗ ಭಾನುವಾರಗಳಂದು ಕುಮುದಾ ನಮ್ಮ ಮನೆಗೆ ಬರುತ್ತಾರೆ. ಬರುವಾಗ ಚಕ್ಕುಲಿಯೋ ರೊಟ್ಟಿಯೋ, ಗರಿಯಾದದ್ದು ಏನಾದರೊಂದು ತರುತ್ತಾರೆ. ರಾಯರು ಬರುವುದಿಲ್ಲ, ತಮ್ಮ ಚಪ್ಪಲಿಯ ಸದ್ದಿಗೇ ಅದು ಹೆದರುತ್ತದೆ ಎನ್ನುತ್ತಾರಂತೆ. ಆಕೆ ತುಂಗಾಳ ಪಕ್ಕ ಕೂತು ತಟ್ಟೆ ಹರಡಿಕೊಂಡು ಕಾಯುತ್ತಾರೆ. ಕಳ್ಳತನವಾಗಲಿ ಎಂದು ಕಾಯುವುದು! ಎಡ ಮೊಣಕೈಯನ್ನು ಹೊರಗೆ ಚಾಚಿ ಇಟ್ಟುಕೊಂಡಿರುತ್ತಾರೆ. ಅಂದು ಆ ‘ಏನದು?’ ಕೇಳಿದ ಮೇಲೆ ಬೆಕ್ಕು ಕುಮುದಾ ಇರುವಷ್ಟು ಹೊತ್ತೂ ಗೋಡೆಗೆ ಒರಗಿ ಕಾಲು ಜೋಡಿಸಿ ಕೂತಿರುತ್ತದೆ. ಅವರು ಎದ್ದು ಹೋದದ್ದೇ ತಡ, ಬೀರು ಹತ್ತುತ್ತದೆ. ತುಂಗಾ ಅದನ್ನು ಹೇಳಿದ ಮೇಲೆ ಕುಮುದಾ ಒಂದು ಉಪಾಯ ಹುಡುಕಿಕೊಂಡರು. ತಟ್ಟೆ ಬಿಟ್ಟು ಎದ್ದು, ‘ಬರ್ತೀನಿ’ ಎಂದು ಗಟ್ಟಿಯಾಗಿ ಹೇಳಿ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡು, ಬಾಗಿಲ ಆಚೆಯೇ ನಿಲ್ಲುತ್ತಾರೆ.

ಹೋದ ಭಾನುವಾರವೂ ನಿಂತರು. ನಾನು, ತುಂಗಾ ಇಬ್ಬರೂ ತಟ್ಟೆಯ ಮುಂದೆ ಕೂತೆವು. ಬೆಕ್ಕಿಗೆ ಬಾಗಿಲ ಹಿಂದಿನ ಉಸಿರು ಕೇಳುತ್ತಿತ್ತೇನೋ, ಕಿವಿ ಆ ಕಡೆಗೇ ತಿರುಗಿತ್ತು. ಜೋಡಿಸಿದ ಕಾಲನ್ನು ಬಿಡಿಸಲಿಲ್ಲ.

“ತುಂಗಾ,” ಹೊರಗಿನಿಂದ ಪಿಸುದನಿ ಬಂತು. “ಕದ್ಲಾ?”

ತುಂಗಾ ಬೆಕ್ಕನ್ನು ನೋಡಿದಳು. ನನ್ನನ್ನು ನೋಡಿದಳು. ತಟ್ಟೆಯ ಅಂಚಿನಲ್ಲಿದ್ದ ಚಕ್ಕುಲಿಯ ಚೂರನ್ನು ಎತ್ತಿ ತಾನೇ ಬಾಯಿಗೆ ಹಾಕಿಕೊಂಡು, ಕಟಂ ಎಂದು ಕಡಿದು, “ಕದ್ಲು ಅತ್ತೆ” ಎಂದಳು.

ಆಚೆಯಿಂದ ನಗು ಕೇಳಿತು. ಸಣ್ಣ ನಗು, ಅಳುವಿಗೆ ಹತ್ತಿರದ್ದು. ಕುಮುದಾರ ಚಪ್ಪಲಿಯ ಸದ್ದು ಎರಡು ಮನೆ ದಾಟಿತು, ಬೀಗ ತೆಗೆದ ಸದ್ದು, ಮತ್ತೆ ಹಾಕಿಕೊಂಡ ಸದ್ದು. ಆಗ ನನ್ನ ಎಡ ಮೊಣಕೈಯನ್ನು ಯಾರೋ ಮೆತ್ತಗೆ ತಟ್ಟಿದರು. ನಾನು ಬೇಕೆಂದೇ ಎಡಕ್ಕೆ ತಿರುಗಿದೆ.